ಎರಡೇ ಗಿಟಾರ್ ಇದ್ದರೂ ಹಾಡು ತುಂಬಿಕೊಳ್ಳುವುದು ಹೇಗೆ?

ಜರ್ಮನಿಯ ಗಿಟಾರ್ ಜೋಡಿಯೊಂದರ ಲೈವ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ಆಲ್ಬಂ ಕೇಳಿ, ಡ್ರಮ್ಸ್, ಬಾಸ್ (ತಗ್ಗು ಸ್ವರದ ಗಿಟಾರ್) ಇಲ್ಲದೆಯೂ ಯಾಕೆ ಖಾಲಿ ಅನಿಸುವುದಿಲ್ಲ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಗುಟ್ಟೆಲ್ಲ ಹೆಬ್ಬೆರಳಲ್ಲಿದೆ.

ಒಬ್ಬರು ಹೆಬ್ಬೆರಳಿನಿಂದ ದಪ್ಪ ತಂತಿಗಳನ್ನು ಬೀಟ್ ತಪ್ಪದೆ ಮೀಟುತ್ತಾ ಹೋಗುತ್ತಾರೆ. ಅಂಗೈ ಅಂಚನ್ನು ಬ್ರಿಡ್ಜ್ (ಗಿಟಾರ್ ಒಡಲ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಗೆ ಹಗುರವಾಗಿ ತಾಗಿಸಿದರೆ ನಾದ ಮೊಟಕಾಗಿ 'ಧಪ್ ಧಪ್' ಅನ್ನುತ್ತದೆ. ಬಾಸ್, ಡ್ರಮ್ಸ್ ಎರಡರ ಕೆಲಸವೂ ಅಲ್ಲೇ ಆಯ್ತು. ಇನ್ನೊಬ್ಬರು ಕಾಯುತ್ತಾರೆ. ಬಾರ್ ಅಂದರೆ ತಾಳದ ಒಂದು ಸುತ್ತು, ಸಾಮಾನ್ಯವಾಗಿ 4 ಬೀಟ್. 12 ಬಾರ್ ಬ್ಲೂಸ್‌ನಲ್ಲಿ ಹಾಡಿನ ಒಂದು ಸಾಲಿಗೆ 4 ಬಾರ್. ಹಾಡುವುದು ಸಾಮಾನ್ಯವಾಗಿ ಅದರ ಅರ್ಧದಲ್ಲೇ ಮುಗಿಯುತ್ತದೆ. ಉಳಿದ ಜಾಗದಲ್ಲಿ ಎರಡನೇ ಗಿಟಾರ್ ಸಣ್ಣ ತಂತಿಗಳ ಮೇಲೆ ಉತ್ತರ ಕೊಡುತ್ತದೆ. ಇಬ್ಬರೂ ಒಟ್ಟಿಗೆ ಜಾಸ್ತಿ ನುಡಿಸಿದರೆ ಇದೆಲ್ಲ ಕೆಟ್ಟುಹೋಗುತ್ತದೆ.

ಜರ್ಮನಿಗೆ ಬ್ಲೂಸ್ ಎಲ್ಲಿಂದ ಬಂತು ಅಂತಲೂ ಕೇಳಿದ್ದಿರಿ ಅಲ್ವಾ? ಜರ್ಮನಿಯ ಸಂಗೀತ ಕಾರ್ಯಕ್ರಮ ಆಯೋಜಕರಾದ ಹೋರ್ಸ್ಟ್ ಲಿಪ್‌ಮನ್, ಫ್ರಿಟ್ಸ್ ರಾವ್ 1962ರಲ್ಲಿ ಶುರುಮಾಡಿದ ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್ ದೊಡ್ಡ ಕಾರಣ. ಅಮೆರಿಕದ ಬ್ಲೂಸ್ ಕಲಾವಿದರಾದ ಜಾನ್ ಲೀ ಹೂಕರ್, ಟಿ-ಬೋನ್ ವಾಕರ್ ಮೊದಲ ವರ್ಷವೇ ಬಂದರು. 1963ರಲ್ಲಿ ಮಡ್ಡಿ ವಾಟರ್ಸ್ ಜೊತೆ ಗಿಟಾರ್ ವಾದಕ ಲಾನಿ ಜಾನ್ಸನ್ ಕೂಡ ಇದ್ದರು. ನಿಮಗೆ ಬೇಕಾದವರು ಈ ಜಾನ್ಸನ್ನೇ! 1928-29ರಲ್ಲಿ ಜಾಝ್ ಗಿಟಾರ್ ವಾದಕ ಎಡ್ಡಿ ಲ್ಯಾಂಗ್ ಜೊತೆ ಇವರು ನುಡಿಸಿದ ಜೋಡಿ ಗಿಟಾರ್ ರೆಕಾರ್ಡಿಂಗ್‌ಗಳು ಇವತ್ತಿಗೂ ನನ್ನನ್ನು ಬೆರಗಾಗಿಸುತ್ತವೆ. ಕಪ್ಪು ಕಲಾವಿದ ಜಾನ್ಸನ್ ಜೊತೆ ನುಡಿಸಿದವನು ಬಿಳಿಯ ಅಂತ ತಿಳಿಯದಂತೆ ಲ್ಯಾಂಗ್ ಹೆಸರನ್ನು ಆಗ ರೆಕಾರ್ಡ್ ಮೇಲೆ 'ಬ್ಲೈಂಡ್ ವಿಲ್ಲಿ ಡನ್' ಅಂತ ಬದಲಿಸಿ ಹಾಕಿದ್ದರು.

ಮೊದಲ ಸಲ ಲ್ಯಾಂಗ್ ನುಡಿಸುವ ತಗ್ಗು ಸ್ವರ ಮತ್ತು ಕಾರ್ಡ್‌ಗಳನ್ನಷ್ಟೇ (ಒಟ್ಟಿಗೆ ಮೀಟುವ ಸ್ವರಗುಚ್ಛ) ಹಿಂಬಾಲಿಸಿ. ಆಮೇಲೆ ಜಾನ್ಸನ್ ಕಡೆ ಕಿವಿ ಕೊಡಿ.