ಟ್ಯಾಂಕರ್ ಹಡಗಿನ ಲೆಕ್ಕಕ್ಕೂ ತೀರದ ಲೆಕ್ಕಕ್ಕೂ ಯಾಕೆ ತಾಳೆಯಾಗುವುದಿಲ್ಲ?

ತೀರದ ಟ್ಯಾಂಕಿನಿಂದ ಹಡಗಿಗೆ ಡೀಸೆಲ್ ತುಂಬಿಸಿದ ಮೇಲೆ ಎರಡು ಕಡೆಯ ಲೆಕ್ಕ ತಾಳೆಯಾಗುವುದಿಲ್ಲ, ಆಗ ‘ಪ್ರೊಟೆಸ್ಟ್ ಲೆಟರ್’ ಕೊಡುತ್ತಾರೆ ಅಂತ ಹಡಗಿನಲ್ಲಿರುವ ನಿಮ್ಮ ಭಾವ ಹೇಳಿದರು, ನಡುವೆ ಯಾರಾದರೂ ಕದಿಯುತ್ತಾರಾ ಅಂತ ಕೇಳಿದ್ದೀರಿ. ನಾನು ಕುಂಬಳೆಯವನು, ಪಣಂಬೂರಿನ ಬಂದರಿನಲ್ಲಿ ಕಾರ್ಗೋ ಸರ್ವೇಯರ್, ಅಂದರೆ ಹಡಗಿನ ಸರಕು ಅಳೆದು ಲೆಕ್ಕ ನೋಡುವವನು. ಲೆಕ್ಕ ಲೀಟರಿಗೆ ಲೀಟರ್ ಸರಿಹೋದರೇ ನನಗೆ ಅನುಮಾನ ಬರುವುದು.

ಹಡಗಿನಲ್ಲಿ ನಾವು ಸಾಮಾನ್ಯವಾಗಿ ಅಳೆಯುವುದು ಎಣ್ಣೆಯನ್ನಲ್ಲ, ಅದರ ಮೇಲಿನ ಖಾಲಿ ಜಾಗವನ್ನು. ಬಾವಿಕಟ್ಟೆಯಿಂದ ಹಗ್ಗ ಬಿಟ್ಟು ನೀರು ಎಷ್ಟು ಕೆಳಗಿದೆ ಅಂತ ನೋಡುವ ಹಾಗೆ. ಅದಕ್ಕೆ ಅಲೇಜ್ ಅನ್ನುತ್ತಾರೆ. ಟ್ಯಾಂಕಿನೊಳಗೆ ಇನರ್ಟ್ ಗ್ಯಾಸ್ (ಬೆಂಕಿ ಹತ್ತದ ಹಾಗೆ ತುಂಬಿಸಿಡುವ ಅನಿಲ) ಇದ್ದರೆ ಮುಚ್ಚಳ ತೆಗೆಯುವ ಹಾಗಿಲ್ಲ. ಡೆಕ್ಕಿನ ಮೇಲೆ ಅನಿಲ ಹೊರಬಿಡದೆ ಅಳೆಯಲು ಇರುವ ಬಾಯಿಗೆ, ಅಂದರೆ ವೇಪರ್ ಲಾಕಿಗೆ, ಯುಟಿಐ ಅನ್ನುವ ಎಲೆಕ್ಟ್ರಾನಿಕ್ ಅಳತೆ ಟೇಪ್ ಕೂಡಿಸಿ, ವಾಲ್ವ್ ತೆರೆದು ಇಳಿಸಬೇಕು. ತುದಿ ಎಣ್ಣೆಗೆ ತಾಗಿದರೆ ಬೀಪ್. ತಳದಲ್ಲಿ ನೀರಿದ್ದರೆ ದನಿಯೇ ಬೇರೆ. ಹೊಸಬರು ಬೀಪ್ ಕೇಳಿದ ಕೂಡಲೇ ಬರೆದುಬಿಡುತ್ತಾರೆ. ಹಾಗಲ್ಲ, ದನಿ ನಿಲ್ಲುವವರೆಗೆ ಮೆಲ್ಲ ಎತ್ತಿ, ಪುನಃ ಇಳಿಸಿ ನೋಡಬೇಕು. 20 ಮೀಟರ್ ಉದ್ದ, 15 ಮೀಟರ್ ಅಗಲದ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ತಪ್ಪಿದರೆ 3000 ಲೀಟರ್ ಹೆಚ್ಚುಕಡಿಮೆ!

ಹಡಗು ಹಿಂದಕ್ಕೆ ತಗ್ಗಿದ್ದರೆ ಟ್ರಿಮ್ ತಿದ್ದುಪಡಿ, ಪಕ್ಕಕ್ಕೆ ವಾಲಿದ್ದರೆ ಲಿಸ್ಟ್ ತಿದ್ದುಪಡಿ. ಆಮೇಲೆ ಆ ಹಡಗಿನದೇ ಕ್ಯಾಲಿಬ್ರೇಷನ್ ಟೇಬಲ್, ಅಂದರೆ ಯಾವ ಅಳತೆಗೆ ಎಷ್ಟು ಎಣ್ಣೆ ಅನ್ನುವ ಪಟ್ಟಿ, ನೋಡಿ ಪರಿಮಾಣ.

ದೊಡ್ಡ ಆಟ ಆಡಿಸುವುದು ಬಿಸಿ. ಡೀಸೆಲ್ ಒಂದು ಡಿಗ್ರಿಗೆ ಸುಮಾರು 0.08 ಶೇಕಡಾ ಹಿಗ್ಗುತ್ತದೆ. 10,000 ಕಿಲೋಲೀಟರ್ ಸರಕು 10 ಡಿಗ್ರಿ ಬಿಸಿಯಾದರೆ 80 ಕಿಲೋಲೀಟರ್ ಹೆಚ್ಚು ಕಾಣುತ್ತದೆ, ಅಂದರೆ ಹೈವೇಯಲ್ಲಿ ಓಡುವ 20 ಕಿಲೋಲೀಟರಿನ ನಾಲ್ಕು ಟ್ಯಾಂಕರ್ ಲಾರಿ. ಒಂದು ಹನಿಯೂ ಸೇರಿರುವುದಿಲ್ಲ. ಅದಕ್ಕೇ ಟ್ಯಾಂಕಿನ ಮೇಲೆ, ನಡುವೆ, ಕೆಳಗೆ ಉಷ್ಣತೆ ತೆಗೆದು, ಎಲ್ಲವನ್ನೂ 15 ಡಿಗ್ರಿ ಸೆಲ್ಸಿಯಸಿನ ಲೆಕ್ಕಕ್ಕೆ ತರುತ್ತೇವೆ. ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಉಷ್ಣತೆಯನ್ನು ಅಂದಾಜಿಗೆ ಬರೆಯುವವರನ್ನು ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ವ್ಯತ್ಯಾಸ ಉಳಿಯುತ್ತದೆ. ಮೊದಲು ನೋಡಬೇಕಾದ್ದು ಪೈಪು. 12 ಇಂಚಿನ ಪೈಪಿನ ಒಂದು ಕಿಲೋಮೀಟರಿನಲ್ಲೇ ಸುಮಾರು 73 ಕಿಲೋಲೀಟರ್ ಹಿಡಿಯುತ್ತದೆ. ಶುರುವಿನಲ್ಲಿ ಅದು ಅರ್ಧ ಖಾಲಿ, ಮುಗಿದಾಗ ಪೂರ್ತಿ ಭರ್ತಿ ಆಗಿದ್ದರೆ, ತೀರದಲ್ಲಿ ಕಡಿಮೆಯಾದ ಎಣ್ಣೆ ಪೈಪಿನಲ್ಲೇ ಕೂತಿದೆ. ಎರಡನೆಯದು, ತುಂಬಿಸುವ ಮೊದಲೇ ಹಡಗಿನ ಟ್ಯಾಂಕಿನಲ್ಲಿ ಉಳಿದಿದ್ದ ಹಳೆ ಸರಕು. ಅದನ್ನು ಕಳೆಯದಿದ್ದರೆ ಹಡಗಿನ ಲೆಕ್ಕ ಉಬ್ಬುತ್ತದೆ. ಜೊತೆಗೆ ಕೆಲವು ಹಡಗುಗಳ ಟೇಬಲ್ ಯಾವಾಗಲೂ ಸ್ವಲ್ಪ ಹೆಚ್ಚು ತೋರಿಸುತ್ತದೆ, ಕೆಲವದು ಕಡಿಮೆ. ಹಿಂದಿನ ಟ್ರಿಪ್ಪುಗಳ ಹಡಗು ಮತ್ತು ತೀರದ ಲೆಕ್ಕ ಹೋಲಿಸಿ ತೆಗೆದ ವಿಇಎಫ್ (ವೆಸೆಲ್ ಎಕ್ಸ್‌ಪೀರಿಯನ್ಸ್ ಫ್ಯಾಕ್ಟರ್) ಅಂಕಿಯಿಂದ ಹಡಗಿನ ಈಗಿನ ಲೆಕ್ಕವನ್ನು ಭಾಗಿಸಿ ನೋಡುವುದು ಇದಕ್ಕೇ. ಅದಾದ ಮೇಲೂ ದೊಡ್ಡ ಅಂತರ ಉಳಿದರೆ ಪ್ರಶ್ನೆ ಮಾಡುವುದರಲ್ಲಿ ಅರ್ಥ ಇದೆ.

ಭಾವ ಹೇಳಿದ ‘ಪ್ರೊಟೆಸ್ಟ್ ಲೆಟರ್’ ಪೊಲೀಸ್ ಕಂಪ್ಲೇಂಟ್ ಅಲ್ಲ. ಇಷ್ಟು ವ್ಯತ್ಯಾಸ ಕಂಡಿದೆ ಅಂತ ದಾಖಲೆಗೆ ಬರೆದಿಡುವುದು, ಅಷ್ಟೆ. ದಿನಾ ನಡೆಯುವ ಕೆಲಸ. ಮುಂದಿನ ಸಲ ಅವರು ಫೋನ್ ಮಾಡಿದಾಗ, ತುಂಬಿಸುವ ಮೊದಲೂ ನಂತರವೂ ಪೈಪು ಭರ್ತಿ ಇತ್ತಾ ಅಂತ ಪರೀಕ್ಷಿಸಿದ ಕಾಗದ ಇದೆಯಾ ಕೇಳಿ.