ಪೊಮೆರೇನಿಯನ್ ತರಹವೇ ಕಾಣುವ ಬೇರೆ ಸಣ್ಣ ನಾಯಿ ತಳಿಗಳು ಯಾವುವು?

ಇಂಡಿಯನ್ ಸ್ಪಿಟ್ಜ್, ಜಪಾನೀಸ್ ಸ್ಪಿಟ್ಜ್, ಜರ್ಮನ್ ಸ್ಪಿಟ್ಜ್‌ನ ಸಣ್ಣ ಬಗೆ, ಇಟಲಿಯ ವೊಲ್ಪಿನೊ. ಎಲ್ಲವೂ ಸ್ಪಿಟ್ಜ್ ಗುಂಪಿನವು. ನರಿಯಂಥ ಚೂಪು ಮುಖ, ನೆಟ್ಟಗಿನ ಕಿವಿ, ಬೆನ್ನ ಮೇಲೆ ಮಡಚಿದ ಬಾಲ. ಪೊಮೆರೇನಿಯನ್ನೂ ಇದೇ ಮನೆತನದ್ದು. ದೊಡ್ಡ ಸ್ಪಿಟ್ಜ್ ನಾಯಿಗಳಲ್ಲೇ ಚಿಕ್ಕವನ್ನು ಆರಿಸಿ ಆರಿಸಿ ಮರಿ ಮಾಡಿಸಿ, ತಲೆಮಾರುಗಳ ಮೇಲೆ ಕುಗ್ಗಿಸಿದ್ದು. 1888ರಲ್ಲಿ ವಿಕ್ಟೋರಿಯಾ ರಾಣಿ ಫ್ಲಾರೆನ್ಸ್‌ನಿಂದ ಅಂಥ ಪುಟ್ಟ ನಾಯಿ ತಂದ ಮೇಲೆ ಇಂಗ್ಲೆಂಡಿನಲ್ಲಿ ಚಿಕ್ಕದೇ ಫ್ಯಾಷನ್ ಆಯಿತು.

ನಮ್ಮ ಬೀದಿಗಳಲ್ಲಿ 'ಪಮೇರಿಯನ್' ಅಂತ ಕರೆಯುವ ಬಿಳಿ ನಾಯಿ ಇದೆ ಅಲ್ವಾ, ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಪೋಸ್ಟ್‌ಮ್ಯಾನ್‌ಗೆ ಬೊಗಳುವುದು? ಅದು ಬಹುಪಾಲು ಇಂಡಿಯನ್ ಸ್ಪಿಟ್ಜ್. ತೂಕ ಹಾಕಿದರೆ ಗುಟ್ಟು ರಟ್ಟು. ನಿಜವಾದ ಪೊಮೆರೇನಿಯನ್ ಹೆಚ್ಚೆಂದರೆ 3.5 ಕೆಜಿ ತೂಗುತ್ತದೆ. ಇಂಡಿಯನ್ ಸ್ಪಿಟ್ಜ್ ಸಾಮಾನ್ಯವಾಗಿ 5 ಕೆಜಿ ದಾಟುತ್ತದೆ, ಮೂತಿಯೂ ಉದ್ದ.

ನನ್ನ ಕೇಳಿದರೆ ನಮ್ಮ ಕಡೆ ಮನೆಗಳಿಗೆ ಅದೇ ವಾಸಿ. ಇಲ್ಲಿನ ಸೆಖೆಗೆ ಒಗ್ಗಿದೆ, ಬೆಲೆಯೂ ಕಮ್ಮಿ. ಬೊಗಳುವುದು ಮಾತ್ರ ಜಾಸ್ತಿ, ಅಕ್ಕಪಕ್ಕದವರನ್ನು ನೆನೆಸಿಕೊಂಡು ತನ್ನಿ.

ಯಾವುದನ್ನೇ ತಂದರೂ ಬೇಸಿಗೆ ಬಂತೆಂದು ಸುಮ್ನೆ ಬೋಳಿಸಬೇಡಿ. ಇವುಗಳ ಕೂದಲು ಎರಡು ಪದರ, ಒಳಗೆ ಹತ್ತಿಯಂಥದ್ದು, ಹೊರಗೆ ಉದ್ದದ್ದು. ಹೊರಗಿನದು ಬಿಸಿಲು ತಡೆಯುತ್ತದೆ, ಬೋಳಿಸಿದರೆ ಮತ್ತೆ ಸರಿಯಾಗಿ ಬೆಳೆಯದೆಯೂ ಹೋಗಬಹುದು. ವಾರಕ್ಕೆರಡು ಮೂರು ಸಲ ಬುಡದವರೆಗೆ ಬಾಚಿದರೆ ಸಾಕು.