ಕಠಿಣ ವಿಡಿಯೊ ಗೇಮ್‌ಗಳು ಏನನ್ನೂ ಹೇಳಿಕೊಡದೆ ಆಟವನ್ನು ಹೇಗೆ ಕಲಿಸುತ್ತವೆ?

ಅಲ್ಲಿ ಕಲಿಸುವ ಕೆಲಸವನ್ನು ಆಟದ ಹಂತದ (ಲೆವೆಲ್‌ನ) ವಿನ್ಯಾಸವೇ ಮಾಡುತ್ತದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆರಂಭವಾದಾಗ ಆಟಗಾರ ನಡೆಸುವ ಪಾತ್ರವಾದ ಮಾರಿಯೊ ಪರದೆಯ ಎಡಬದಿಯಲ್ಲಿದ್ದು, ಬಲಕ್ಕೆ ದಾರಿ ತೆರೆದಿರುವುದರಿಂದ, ಯಾವ ಕಡೆ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ಸ್ವಲ್ಪದರಲ್ಲೇ ಗೂಂಬಾ ಎಂಬ ವೈರಿ ಎದುರಾಗುತ್ತದೆ. ತಾಗಿದರೆ ಸಾವು, ತಲೆಯ ಮೇಲೆ ಜಿಗಿದರೆ ಅದೇ ಸಾಯುತ್ತದೆ. ಆಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯಿಂದ ಹೊರಬಂದ ಅಣಬೆ ಬಲಕ್ಕೆ ಜಾರಿ, ಕೊಳವೆಗೆ ಬಡಿದು, ಆಟಗಾರನತ್ತಲೇ ಮರಳುತ್ತದೆ. ಅದನ್ನೂ ವೈರಿಯೆಂದು ಹೆದರಿ ಜಿಗಿದವನಿಗೆ ಮೇಲಿನ ಇಟ್ಟಿಗೆಗಳು ಅಡ್ಡಬರುವುದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಅಣಬೆ ತಾಗುತ್ತದೆ, ಮಾರಿಯೊ ದೊಡ್ಡವನಾಗುತ್ತಾನೆ, ಪಾಠ ಮುಗಿಯುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಜಾಣ ಪಾಠ ಬೇರಿಲ್ಲ.

ಕಷ್ಟ ಹೆಚ್ಚಿದಷ್ಟೂ ಸೋಲಿನ ಬೆಲೆ ಕಡಿಮೆಯಿರಬೇಕು. 2018ರ ‘ಸೆಲೆಸ್ಟ್’ನಲ್ಲಿ ಸತ್ತ ಮರುಕ್ಷಣವೇ ಅದೇ ಕೋಣೆಯಲ್ಲಿ ಮತ್ತೆ ನಿಂತಿರುತ್ತೇವೆ. ಗಂಗಾವತಿಯ ನಮ್ಮ ಮನೆಯಲ್ಲಿ ಅಕ್ಕನ ಮಗ ಅದನ್ನು ಆಡುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ: ಒಂದೇ ಮುಳ್ಳಿನ ಸಾಲಿಗೆ ಹತ್ತಾರು ಸಲ ಬಿದ್ದ, ಪ್ರತಿ ಸಲವೂ ಗುಂಡಿ ಒತ್ತುವ ಗಳಿಗೆಯನ್ನು ತುಸು ಬದಲಿಸಿಕೊಂಡ, ಕೊನೆಗೆ ಮಾತೇ ಆಡದೆ ದಾಟಿದ. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹುಟ್ಟುಹಾಕಲು ಕಲಿಯುವವರಿಗೂ ಇದೇ ಅನುಭವ. ಒಂದೇ ಬದಿ ಹುಟ್ಟುಹಾಕಿದರೆ ಅದು ನಿಂತಲ್ಲೇ ಗಿರಗಿರನೆ ಸುತ್ತುತ್ತದೆ, ತಪ್ಪು ಆಗಲೇ ತಿಳಿಯುತ್ತದೆ.

ಹಾಗೆಂದು ಕಷ್ಟವಾದ ಆಟಗಳೆಲ್ಲ ಕಲಿಸುತ್ತವೆ ಎಂದಲ್ಲ. ಹೊಡೆಯುವ ಮುನ್ನ ವೈರಿ ಕೈ ಎತ್ತುವುದು ಕಂಡರೆ ಸೋಲಿಗೆ ಕಾರಣ ಗೊತ್ತಾಗುತ್ತದೆ; ಪರದೆಯಾಚೆಯಿಂದ ಏಕಾಏಕಿ ಬಂದ ಏಟು ಬರೀ ಬಾಯಿಪಾಠ ಮಾಡಿಸುತ್ತದೆ.